ಶ್ವಾಸನಾಳ ಬಿಗಿಯುವ ಸಂದೇಶಕ್ಕೆ ತಡೆ: ಆ್ಯಂಟಿಕೋಲಿನರ್ಜಿಕ್ ಔಷಧ ಮಾಡುವ ಕೆಲಸ, ಮಾಡದ ಕೆಲಸ

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ರೋಗ) ಇರುವವರ ಕೈಗೆ ಸಾಮಾನ್ಯವಾಗಿ ಎರಡು ಬಗೆಯ ಇನ್‌ಹೇಲರ್ ಬರುತ್ತದೆ. ಒಂದು, ಎಳೆದುಕೊಂಡ ಐದೇ ನಿಮಿಷದಲ್ಲಿ ಎದೆ ಹಗುರ ಮಾಡುವ ಸಾಲ್ಬ್ಯುಟಮಾಲ್. ಇನ್ನೊಂದು, ದಿನಕ್ಕೊಮ್ಮೆ ತಪ್ಪದೆ ತೆಗೆದುಕೊಳ್ಳಬೇಕಾದ ಟಿಯೋಟ್ರೋಪಿಯಂನಂಥ ಆ್ಯಂಟಿಕೋಲಿನರ್ಜಿಕ್ ಔಷಧ. ಮೊದಲನೆಯದರ ಗುಣ ಕೂಡಲೇ ಗೊತ್ತಾಗುತ್ತದೆ. ಎರಡನೆಯದನ್ನು ಎಳೆದುಕೊಂಡಾಗ ಏನೋ ಆಯಿತು ಅನ್ನಿಸುವುದೇ ಇಲ್ಲ. ಹಾಗಾಗಿ ಎಷ್ಟೋ ಜನ ಕೆಲವೇ ವಾರಗಳಲ್ಲಿ ಎರಡನೆಯದನ್ನು ಬದಿಗಿಟ್ಟು ಮೊದಲನೆಯದನ್ನೇ ನೆಚ್ಚಿಕೊಳ್ಳುತ್ತಾರೆ. ಮತ್ತೆ ಮತ್ತೆ ಉಸಿರಾಟ ಕೆಟ್ಟು ಆಸ್ಪತ್ರೆ ಸೇರುವುದನ್ನು ತಡೆಯುವ ಔಷಧ ಮಾತ್ರ ಆ ಬದಿಗಿಟ್ಟದ್ದೇ.

ಈ ಎರಡೂ ಶ್ವಾಸನಾಳ ಸಡಿಲಿಸುವ ಔಷಧಗಳು ಎನ್ನುವುದು ನಿಜ. ಆದರೆ ದಾರಿ ಬೇರೆ. ಸಾಲ್ಬ್ಯುಟಮಾಲ್ ಸ್ನಾಯುವಿಗೆ ‘ಸಡಿಲವಾಗು’ ಎಂಬ ಸಂದೇಶ ಕೊಡುತ್ತದೆ. ಆ್ಯಂಟಿಕೋಲಿನರ್ಜಿಕ್ ಹಾಗೇನೂ ಹೇಳುವುದಿಲ್ಲ. ‘ಬಿಗಿಯಾಗು’ ಎಂದು ನರದಿಂದ ಬರುತ್ತಿರುವ ಸಂದೇಶ ಸ್ನಾಯುವನ್ನು ಮುಟ್ಟದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಯಾವ ರೋಗದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾವುದರಲ್ಲಿ ಅರೆಬರೆ, ಬಾಯಿ ಯಾಕೆ ಒಣಗುತ್ತದೆ, ಮೂತ್ರ ಯಾಕೆ ಕಟ್ಟುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ವ್ಯತ್ಯಾಸದಲ್ಲಿದೆ.

ಸ್ನಾಯು ಬಿಗಿಯುವುದು ಹೇಗೆ

ಶ್ವಾಸನಾಳದ ಗೋಡೆಯಲ್ಲಿ ನಮ್ಮ ಇಚ್ಛೆಗೆ ಒಳಪಡದ ನಯಸ್ನಾಯು ಇದೆ. ಮಿದುಳಿನ ಬುಡದಿಂದ ಇಳಿದುಬರುವ ವೇಗಸ್ ನರ ಇದನ್ನು ಸದಾ ಒಂದಿಷ್ಟು ಬಿಗಿಯಲ್ಲೇ ಇಟ್ಟಿರುತ್ತದೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುಕೋಶದ ಮೇಲಿನ, ಸಂದೇಶ ಹಿಡಿಯುವ ಮಸ್ಕರಿನಿಕ್ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ. ಶ್ವಾಸನಾಳದಲ್ಲಿ ಈ ರಿಸೆಪ್ಟರ್‌ಗಳಲ್ಲಿ ಮೂರು ಬಗೆ ಮುಖ್ಯ. ಎಂ1 ಇರುವುದು ಶ್ವಾಸನಾಳದ ಗೋಡೆಯಲ್ಲಿರುವ ನರಗಂಟುಗಳಲ್ಲಿ. ಸಂದೇಶ ಮುಂದಕ್ಕೆ ಸಾಗಲು ಅದು ನೆರವಾಗುತ್ತದೆ. ಎಂ3 ಇರುವುದು ಸ್ನಾಯುವಿನ ಮೇಲೆ ಮತ್ತು ಲೋಳೆ ಗ್ರಂಥಿಗಳಲ್ಲಿ. ಎಂ2 ಸ್ನಾಯುವಿನ ಮೇಲೂ ಇದೆ, ನರದ ತುದಿಯ ಮೇಲೂ ಇದೆ. ಅದರ ಕಥೆ ಸ್ವಲ್ಪ ತೊಡಕಿನದು, ಮುಂದೆ ಬರುತ್ತದೆ.

ಬಿಗಿತದ ಮುಖ್ಯ ಹೊಣೆ ಎಂ3ಯದು. ಅಸಿಟೈಲ್‌ಕೋಲಿನ್ ಅದನ್ನು ಮುಟ್ಟಿದ ಕೂಡಲೇ ಕೋಶದೊಳಗೆ ಫಾಸ್ಫೋಲೈಪೇಸ್-ಸಿ ಎಂಬ ಕಿಣ್ವ ಚುರುಕಾಗಿ ಐಪಿ3 ಎಂಬ ಸಣ್ಣ ಅಣುವನ್ನು ಬಿಡುಗಡೆ ಮಾಡುತ್ತದೆ. ಕೋಶದೊಳಗಿನ ಉಗ್ರಾಣದಲ್ಲಿದ್ದ ಕ್ಯಾಲ್ಸಿಯಂ ಇದರಿಂದ ಹೊರಚೆಲ್ಲುತ್ತದೆ. ಕ್ಯಾಲ್ಸಿಯಂ ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೊಟೀನ್ ಜತೆ ಸೇರಿ, ಸ್ನಾಯುವನ್ನು ಕುಗ್ಗಿಸುವ ಮಯೋಸಿನ್ ಎಳೆಗಳನ್ನು ಕೆಲಸಕ್ಕೆ ಹಚ್ಚುವ ಕಿಣ್ವವನ್ನು ಎಬ್ಬಿಸುತ್ತದೆ. ಸ್ನಾಯು ಕುಗ್ಗುತ್ತದೆ, ನಾಳ ಕಿರಿದಾಗುತ್ತದೆ. ಅದೇ ಹೊತ್ತಿಗೆ ಲೋಳೆ ಗ್ರಂಥಿಗಳೂ ಸ್ರವಿಸತೊಡಗುತ್ತವೆ. ಆ್ಯಂಟಿಕೋಲಿನರ್ಜಿಕ್ ಔಷಧ ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಕೂತರೂ ಕೋಶದೊಳಗೆ ಏನನ್ನೂ ಶುರುಮಾಡುವುದಿಲ್ಲ. ಕ್ಯಾಲ್ಸಿಯಂ ಚೆಲ್ಲುವ ಕ್ರಿಯೆಗೆ ಪ್ರಚೋದನೆ ಇಲ್ಲವಾಗಿ ಸ್ನಾಯು ತಾನಾಗಿಯೇ ಸಡಿಲಗೊಳ್ಳುತ್ತದೆ.

ಆರೋಗ್ಯವಂತರಲ್ಲಿ ವೇಗಸ್ ನರದ ಈ ಬಿಗಿತ ಗಮನಕ್ಕೇ ಬರುವುದಿಲ್ಲ. ಸಿಒಪಿಡಿಯಲ್ಲಿ ಅದೇ ಬಿಗಿತ ಉಸಿರು ಕಟ್ಟಿಸುತ್ತದೆ. ಇದಕ್ಕೆ ಕಾರಣ ನಾಳದ ಅಳತೆ. ಗಾಳಿ ಒಂದೇ ಸಮ ಹರಿಯುವ ಕೊಳವೆಯಲ್ಲಿ ತ್ರಿಜ್ಯ ಕಡಿಮೆಯಾದಂತೆ ತಡೆ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ತ್ರಿಜ್ಯ ಶೇ 10ರಷ್ಟು ಕುಗ್ಗಿದರೆ ತಡೆ ಶೇ 50ಕ್ಕಿಂತ ಹೆಚ್ಚಾಗುತ್ತದೆ. ಅರ್ಧಕ್ಕೆ ಇಳಿದರೆ ಹದಿನಾರು ಪಟ್ಟು. ಉರಿಯೂತದಿಂದ ಗೋಡೆ ದಪ್ಪಗಾಗಿ, ಕಫ ತುಂಬಿ, ನಾಳವನ್ನು ಸುತ್ತಲಿನಿಂದ ಹಿಡಿದೆಳೆದು ತೆರೆದಿಡುತ್ತಿದ್ದ ಅಂಗಾಂಶವೂ ನಾಶವಾಗಿರುವ ಶ್ವಾಸಕೋಶದಲ್ಲಿ ಸಹಜ ಪ್ರಮಾಣದ ಬಿಗಿತವೂ ದೊಡ್ಡ ಹೊರೆ. ನಾಶವಾದ ಗಾಳಿಚೀಲಗಳು ಮರಳಿ ಬರುವುದಿಲ್ಲ, ಗಡುಸಾದ ಗೋಡೆ ತೆಳ್ಳಗಾಗುವುದಿಲ್ಲ. ಸಿಒಪಿಡಿಯಲ್ಲಿ ಔಷಧದಿಂದ ಬದಲಿಸಬಹುದಾದ ಭಾಗಗಳಲ್ಲಿ ಈ ನರಜನ್ಯ ಬಿಗಿತವೇ ದೊಡ್ಡದು. ಅದಕ್ಕಾಗಿಯೇ ಆ ರೋಗದಲ್ಲಿ ಈ ವರ್ಗದ ಔಷಧಕ್ಕೆ ಇಷ್ಟು ಮಹತ್ವ.

ಅಸ್ತಮಾದ ಚಿತ್ರ ಬೇರೆ. ಅಲ್ಲಿ ಹಿಸ್ಟಮಿನ್, ಲ್ಯೂಕೋಟ್ರೈನ್‌ನಂಥ ಉರಿಯೂತದ ರಾಸಾಯನಿಕಗಳು ನರದ ಹಂಗಿಲ್ಲದೆ ನೇರವಾಗಿ ಸ್ನಾಯುವನ್ನು ಹಿಂಡುತ್ತವೆ. ಮಸ್ಕರಿನಿಕ್ ರಿಸೆಪ್ಟರ್ ಮುಚ್ಚಿದರೆ ಅವುಗಳ ದಾರಿ ಮುಚ್ಚುವುದಿಲ್ಲ. ಸಾಲ್ಬ್ಯುಟಮಾಲ್ ಕುಟುಂಬದ ಬೀಟಾ-2 ಔಷಧಗಳಾದರೋ ಕೋಶದೊಳಗೆ ಸ್ನಾಯು ಸಡಿಲಿಸುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಹೆಚ್ಚಿಸಿ, ಬಿಗಿತದ ಮೂಲ ಯಾವುದೇ ಇರಲಿ, ಅದಕ್ಕೆ ಎದುರಾಗಿ ನಿಲ್ಲುತ್ತವೆ. ಅಸ್ತಮಾದಲ್ಲಿ ಬೀಟಾ-2 ಔಷಧಕ್ಕೆ ಹೋಲಿಸಿದರೆ ಆ್ಯಂಟಿಕೋಲಿನರ್ಜಿಕ್ ಹಿಂದೆ ಬೀಳುವುದು ಇದರಿಂದಲೇ.

ಎಂ2 ಎಂಬ ಕಡಿವಾಣ

ನರದ ತುದಿಯ ಮೇಲಿರುವ ಎಂ2 ರಿಸೆಪ್ಟರ್ ಒಂದು ಕಡಿವಾಣ. ಹೊರಬಂದ ಅಸಿಟೈಲ್‌ಕೋಲಿನ್‌ನ ಸ್ವಲ್ಪ ಭಾಗ ಹಿಂತಿರುಗಿ ಎಂ2ವನ್ನು ಮುಟ್ಟಿದಾಗ, ‘ಸಾಕು, ಇನ್ನು ಬಿಡಬೇಡ’ ಎಂಬ ಸೂಚನೆ ನರಕ್ಕೆ ಹೋಗುತ್ತದೆ. ಇದು ಕೆಟ್ಟರೆ ಅಸಿಟೈಲ್‌ಕೋಲಿನ್ ಅಂಕೆಯಿಲ್ಲದೆ ಸುರಿಯುತ್ತದೆ.

ಇದು ಕೆಡುವ ಸಂದರ್ಭಗಳು ಸಾಕಷ್ಟಿವೆ. ಅಸ್ತಮಾದಲ್ಲಿ ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳು ಶ್ವಾಸನಾಳದ ನರಗಳ ಸುತ್ತ ಜಮಾಯಿಸುತ್ತವೆ. ಅವು ಹೊರಸೂಸುವ ಮೇಜರ್ ಬೇಸಿಕ್ ಪ್ರೊಟೀನ್ ಎಂ2ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ವೈರಸ್ ಸೋಂಕಿನಲ್ಲೂ ಎಂ2ದ ಕೆಲಸ ಕುಗ್ಗುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಬರೀ ನೆಗಡಿ ಎಂದುಕೊಂಡದ್ದು ಎರಡು ದಿನದಲ್ಲಿ ಎದೆ ಹಿಡಿದು ಸಿಳ್ಳೆ ಹೊಡೆಸುವುದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಅಸ್ತಮಾ ವಿಪರೀತಕ್ಕೆ ಹೋದಾಗ, ಅದೂ ವೈರಸ್ ಸೋಂಕಿನ ಬೆನ್ನಿಗೇ ಹೋದಾಗ, ದಿನನಿತ್ಯದ ಅಸ್ತಮಾದಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದ ಇಪ್ರಾಟ್ರೋಪಿಯಂ ಎಂಬ ಅಲ್ಪಾವಧಿಯ ಆ್ಯಂಟಿಕೋಲಿನರ್ಜಿಕ್ ಏಕಾಏಕಿ ಬೆಲೆಯುಳ್ಳದ್ದಾಗುವುದನ್ನೂ ಇದರಿಂದ ಅರ್ಥಮಾಡಿಕೊಳ್ಳಬಹುದು.

ಔಷಧ ತಯಾರಿಸುವವರಿಗೆ ಇಲ್ಲೊಂದು ಇಕ್ಕಟ್ಟಿತ್ತು. ಎಲ್ಲ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನೂ ಒಂದೇ ಸಮ ಮುಚ್ಚುವ ಔಷಧ ಎಂ3ಯನ್ನು ಮುಚ್ಚಿ ಉಪಕಾರ ಮಾಡುತ್ತದೆ, ಎಂ2ವನ್ನು ಮುಚ್ಚಿ ಅಸಿಟೈಲ್‌ಕೋಲಿನ್ ಹರಿವನ್ನು ಹೆಚ್ಚಿಸುತ್ತದೆ. ಹೆಚ್ಚಾದ ಅಸಿಟೈಲ್‌ಕೋಲಿನ್ ಔಷಧದೊಂದಿಗೇ ಜಾಗಕ್ಕಾಗಿ ಪೈಪೋಟಿಗಿಳಿಯುತ್ತದೆ. ಇಪ್ರಾಟ್ರೋಪಿಯಂನಲ್ಲಿ ಈ ಕೊರತೆ ಇದೆ. ಟಿಯೋಟ್ರೋಪಿಯಂ ಕೂಡ ಎರಡಕ್ಕೂ ಅಂಟುತ್ತದೆ. ಆದರೆ ಎಂ2ವನ್ನು ಕೆಲವೇ ಗಂಟೆಗಳಲ್ಲಿ ಬಿಟ್ಟುಕೊಡುತ್ತದೆ, ಎಂ3ಯನ್ನು ಮಾತ್ರ ಕುರ್ಚಿ ಹಿಡಿದು ಕೂತವರಂತೆ ಒಂದು ದಿನ ಕಳೆದರೂ ಬಿಡುವುದಿಲ್ಲ. ಅಂಟುವುದರಲ್ಲಿ ಇಲ್ಲದ ಪಕ್ಷಪಾತ ಬಿಡುವುದರಲ್ಲಿದೆ. ದಿನಕ್ಕೊಂದೇ ಸಲ ತೆಗೆದುಕೊಂಡರೆ ಸಾಕಾಗುವುದೂ ಇದೇ ಕಾರಣಕ್ಕೆ.

ಹೊಗೆಯಿಂದ ಇನ್‌ಹೇಲರ್‌ವರೆಗೆ

ದತ್ತೂರದ ಎಲೆಯ ಹೊಗೆಯನ್ನು ಉಬ್ಬಸಕ್ಕೆ ಸೇದುವುದು ಬಹಳ ಹಳೆಯ ಚಿಕಿತ್ಸೆ. 19ನೇ ಶತಮಾನದಲ್ಲಿ ಇದು ಯುರೋಪಿಗೂ ಹಬ್ಬಿ ‘ಅಸ್ತಮಾ ಸಿಗರೇಟು’ಗಳ ರೂಪ ತಾಳಿತು. ಅದರಲ್ಲಿದ್ದದ್ದು ಅಟ್ರೋಪಿನ್ ಮತ್ತು ಅದರ ಸಂಬಂಧಿಕ ಆಲ್ಕಲಾಯ್ಡ್‌ಗಳು. ಅಟ್ರೋಪಿನ್ ಶ್ವಾಸನಾಳ ಸಡಿಲಿಸುವುದೇನೋ ನಿಜ. ಆದರೆ ಸುಲಭವಾಗಿ ರಕ್ತಕ್ಕೆ ಸೇರಿ ಮಿದುಳನ್ನೂ ತಲುಪುತ್ತದೆ. ಗೊಂದಲ, ಭ್ರಮೆ, ಎದೆ ಡವಡವ, ಮಂಜಾದ ದೃಷ್ಟಿ ಅದರ ಬೆನ್ನಿಗೇ ಬರುತ್ತವೆ. ಇವತ್ತು ಯಾರೂ ಆ ಹೊಗೆಯ ತಂಟೆಗೆ ಹೋಗಬಾರದು.

ತೊಡಕು ಬಿಡಿಸಿದ್ದು ಒಂದು ಸರಳ ರಾಸಾಯನಿಕ ಬದಲಾವಣೆ. ಅಟ್ರೋಪಿನ್‌ನ ನೈಟ್ರೋಜನ್ ಪರಮಾಣುವಿಗೆ ನಾಲ್ಕನೇ ಇಂಗಾಲದ ಗುಂಪೊಂದನ್ನು ಜೋಡಿಸಿದರೆ ಅಣುವಿಗೆ ಕಾಯಂ ಧನ ವಿದ್ಯುದಾವೇಶ ಬರುತ್ತದೆ. ಆವೇಶವಿರುವ ಅಣು ಕೊಬ್ಬಿನ ಪೊರೆಗಳನ್ನು ದಾಟಲು ತಿಣುಕಾಡುತ್ತದೆ. ಎಳೆದುಕೊಂಡ ಜಾಗದಲ್ಲೇ ಬಹುಪಾಲು ಉಳಿಯುತ್ತದೆ, ನುಂಗಿದ ಭಾಗ ಕರುಳಿನಿಂದ ಅಷ್ಟಾಗಿ ಹೀರಿಕೆಯಾಗುವುದಿಲ್ಲ, ಮಿದುಳಿಗೆ ಹೋಗುವುದಂತೂ ತೀರ ಕಡಿಮೆ. ಇಪ್ರಾಟ್ರೋಪಿಯಂ ಹುಟ್ಟಿದ್ದು ಹೀಗೆ. ಟಿಯೋಟ್ರೋಪಿಯಂ, ಗ್ಲೈಕೋಪೈರೋನಿಯಂ, ಯುಮೆಕ್ಲಿಡಿನಿಯಂ, ಆಕ್ಲಿಡಿನಿಯಂ ಎಲ್ಲವೂ ಇದೇ ಧನ ಆವೇಶದ ಗುಂಪಿಗೆ ಸೇರಿದವು.

ಪ್ರಮಾಣದ ವಿಷಯಕ್ಕೆ ಬಂದರೆ, ಇಪ್ರಾಟ್ರೋಪಿಯಂ ಒಂದು ಪಫ್‌ಗೆ 20 ಮೈಕ್ರೋಗ್ರಾಂನಂತೆ ಎರಡು ಪಫ್, ದಿನಕ್ಕೆ ಮೂರು-ನಾಲ್ಕು ಬಾರಿ. ಸುಮಾರು 15 ನಿಮಿಷದಲ್ಲಿ ಕೆಲಸ ಶುರು, ಒಂದೆರಡು ಗಂಟೆಯಲ್ಲಿ ಉತ್ತುಂಗ, ನಾಲ್ಕರಿಂದ ಆರು ಗಂಟೆಗೆ ಮುಗಿಯುತ್ತದೆ. ಟಿಯೋಟ್ರೋಪಿಯಂ ಪುಡಿಯ ಕ್ಯಾಪ್ಸೂಲ್ ಆದರೆ 18 ಮೈಕ್ರೋಗ್ರಾಂ ದಿನಕ್ಕೊಮ್ಮೆ. ಮೃದು ಮಂಜಿನ ರೆಸ್ಪಿಮ್ಯಾಟ್ ಸಾಧನದಲ್ಲಿ 2.5ರ ಎರಡು ಪಫ್ ಸೇರಿ 5 ಮೈಕ್ರೋಗ್ರಾಂ. ಅರ್ಧ ಗಂಟೆಯಲ್ಲಿ ಪರಿಣಾಮ ಆರಂಭವಾಗುತ್ತದೆ, ಪೂರ್ಣ ಮಟ್ಟ ತಲುಪಲು ಸುಮಾರು ಒಂದು ವಾರ ಬೇಕು. ಮೊದಲ ದಿನವೇ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸುವವರು ಈ ವಾರವನ್ನು ಅದಕ್ಕೆ ಕೊಟ್ಟಿರುವುದಿಲ್ಲ. ಆಕ್ಲಿಡಿನಿಯಂ ದಿನಕ್ಕೆರಡು ಬಾರಿ.

ಸಿಒಪಿಡಿಯಲ್ಲಿ ಸಿಗುವ ಲಾಭ

ಸಿಒಪಿಡಿಯ ಏದುಸಿರಿಗೆ ಗಾಳಿ ಒಳಹೋಗದಿರುವುದಕ್ಕಿಂತ ಒಳಗಿನ ಗಾಳಿ ಪೂರ್ತಿ ಹೊರಬಾರದಿರುವುದು ದೊಡ್ಡ ಕಾರಣ. ನಡೆಯುವಾಗ ಉಸಿರಾಟದ ವೇಗ ಹೆಚ್ಚಿದರೆ ಹೊರಬಿಡಲು ಸಿಗುವ ಸಮಯ ಇನ್ನೂ ಕಡಿಮೆ. ಪ್ರತಿ ಉಸಿರಿನಲ್ಲೂ ಒಂದಿಷ್ಟು ಒಳಗೇ ಉಳಿದು ಎದೆ ಉಬ್ಬುತ್ತಾ ಹೋಗುತ್ತದೆ, ವಪೆ ಚಪ್ಪಟೆಯಾಗಿ ಬಲ ಕಳೆದುಕೊಳ್ಳುತ್ತದೆ. ಆ್ಯಂಟಿಕೋಲಿನರ್ಜಿಕ್ ನಾಳಗಳನ್ನು ಇಡೀ ದಿನ ಸ್ವಲ್ಪ ಅಗಲವಾಗಿರಿಸಿ ಈ ಸಿಕ್ಕಿಬಿದ್ದ ಗಾಳಿಯನ್ನು ತಗ್ಗಿಸುತ್ತದೆ. ಆದ್ದರಿಂದ ಸ್ಪೈರೋಮೆಟ್ರಿ ಎಂಬ ಉಸಿರಾಟದ ಪರೀಕ್ಷೆಯಲ್ಲಿ ಸಿಗುವ ಎಫ್ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಅಂಕಿ ಅಷ್ಟೇನೂ ಬದಲಾಗದೆಯೂ ಮೆಟ್ಟಿಲು ಹತ್ತುವುದು, ಸ್ನಾನ ಮಾಡುವುದು ಸಲೀಸಾಗಬಹುದು. ಔಷಧ ಕೆಲಸ ಮಾಡುತ್ತಿದೆಯೇ ಎಂದು ಕೇಳುವಾಗ ನೋಡಬೇಕಾದದ್ದು ಇಂಥ ಕೆಲಸಗಳನ್ನು.

2008ರಲ್ಲಿ ಪ್ರಕಟವಾದ ಅಪ್‌ಲಿಫ್ಟ್ ಅಧ್ಯಯನ 5,993 ಸಿಒಪಿಡಿ ರೋಗಿಗಳನ್ನು ನಾಲ್ಕು ವರ್ಷ ಗಮನಿಸಿತು. ಟಿಯೋಟ್ರೋಪಿಯಂ ಪಡೆದವರ ಶ್ವಾಸಕೋಶದ ಸಾಮರ್ಥ್ಯ ಉದ್ದಕ್ಕೂ ಮೇಲಿತ್ತು, ಜೀವನದ ಗುಣಮಟ್ಟ ಉತ್ತಮವಾಗಿತ್ತು, ರೋಗ ಉಲ್ಬಣಿಸುವ ಸಂದರ್ಭಗಳು ಸುಮಾರು ಶೇ 14ರಷ್ಟು ತಗ್ಗಿದವು. ಆದರೆ ವರ್ಷದಿಂದ ವರ್ಷಕ್ಕೆ ಸಾಮರ್ಥ್ಯ ಕುಸಿಯುವ ವೇಗ ನಿಧಾನವಾಗಲಿಲ್ಲ. 2017ರಲ್ಲಿ ಚೀನಾದ ಸಂಶೋಧಕರು ರೋಗದ ಆರಂಭಿಕ ಹಂತದಲ್ಲಿದ್ದ 841 ಜನರಲ್ಲಿ ಎರಡು ವರ್ಷ ನಡೆಸಿದ ಅಧ್ಯಯನದಲ್ಲಿ, ಶ್ವಾಸನಾಳ ಸಡಿಲಿಸುವ ಔಷಧ ಕೊಟ್ಟ ನಂತರ ಅಳೆದ ಎಫ್ಇವಿ1 ಕುಸಿತ ಟಿಯೋಟ್ರೋಪಿಯಂ ಗುಂಪಿನಲ್ಲಿ ವರ್ಷಕ್ಕೆ 29 ಮಿಲಿಲೀಟರ್, ಔಷಧವಿಲ್ಲದ ಹುಸಿಮದ್ದು ಪಡೆದ ಗುಂಪಿನಲ್ಲಿ 51 ಮಿಲಿಲೀಟರ್ ಇತ್ತು. ಔಷಧ ಕೊಡುವ ಮುಂಚಿನ ಅಳತೆಯಲ್ಲಿ ಆ ಅಂತರ ಸ್ಪಷ್ಟವಾಗಿ ಕಾಣಲಿಲ್ಲ. ಬೇಗ ಶುರುಮಾಡಿದರೆ ಲಾಭ ಇರಬಹುದು ಎನ್ನಲು ಇದು ಸಾಕು; ರೋಗದ ಓಟವನ್ನೇ ತಡೆಯುವ ಔಷಧ ಎನ್ನಲು ಸಾಲದು. ಆ ಓಟವನ್ನು ನಿಧಾನಿಸುವುದರಲ್ಲಿ ಧೂಮಪಾನ ಬಿಡುವುದಕ್ಕೆ ಸಮನಾದ ಇನ್‌ಹೇಲರ್ ಇಲ್ಲ.

ಉಲ್ಬಣ ತಡೆಯುವುದರಲ್ಲಿ ಮಾತ್ರ ಇದರ ಸ್ಥಾನ ಗಟ್ಟಿ. 2011ರ ಪೊಯೆಟ್ ಅಧ್ಯಯನ 7,376 ರೋಗಿಗಳಲ್ಲಿ ಟಿಯೋಟ್ರೋಪಿಯಂ ಮತ್ತು ದೀರ್ಘಕಾಲದ ಬೀಟಾ-2 ಔಷಧವಾದ ಸಾಲ್ಮೆಟೆರಾಲ್ ಎರಡನ್ನೂ ಎದುರುಬದುರು ಇಟ್ಟು ನೋಡಿತು. ಮೊದಲ ಉಲ್ಬಣದ ಅಪಾಯ ಟಿಯೋಟ್ರೋಪಿಯಂನಲ್ಲಿ ಶೇ 17ರಷ್ಟು ಕಡಿಮೆಯಿತ್ತು. ಈಗಿನ ಒಲವು ಎರಡರಲ್ಲಿ ಒಂದನ್ನು ಆರಿಸುವುದಲ್ಲ, ಎರಡನ್ನೂ ಒಂದೇ ಸಾಧನದಲ್ಲಿ ಕೊಡುವುದು. 2023ರಿಂದ ಸಿಒಪಿಡಿಯ ಅಂತರರಾಷ್ಟ್ರೀಯ ‘ಗೋಲ್ಡ್’ ಮಾರ್ಗಸೂಚಿ, ಏದುಸಿರು ಹೆಚ್ಚಿರುವ ಅಥವಾ ಪದೇ ಪದೇ ಉಲ್ಬಣಿಸುವ ರೋಗಿಗಳಿಗೆ ಆರಂಭದಲ್ಲೇ ಈ ಜೋಡಿಯನ್ನು ಸೂಚಿಸುತ್ತದೆ. ಉಲ್ಬಣಗಳಿದ್ದು ರಕ್ತದಲ್ಲಿ ಇಯೊಸಿನೊಫಿಲ್ ಎಣಿಕೆ ಮೈಕ್ರೋಲೀಟರ್‌ಗೆ 300 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸ್ಟಿರಾಯ್ಡ್ ಸೇರಿದ ತ್ರಿವಳಿಯನ್ನು ಪರಿಗಣಿಸಲು ಹೇಳುತ್ತದೆ. ಜೋಡಿಗೆ ಶರೀರಶಾಸ್ತ್ರದ ಸಮರ್ಥನೆಯೂ ಇದೆ. ವೇಗಸ್ ನರದ ತಂತುಗಳು ದೊಡ್ಡ ಶ್ವಾಸನಾಳಗಳಲ್ಲಿ ದಟ್ಟ. ಬೀಟಾ-2 ರಿಸೆಪ್ಟರ್‌ಗಳು ಸಣ್ಣ ನಾಳಗಳ ಕಡೆಗೆ ಹೋದಂತೆ ಹೆಚ್ಚು. ಮೇಲಾಗಿ ಸ್ನಾಯುವಿನ ಮೇಲಿನ ಎಂ2 ಸೈಕ್ಲಿಕ್ ಎಎಂಪಿಯನ್ನು ತಗ್ಗಿಸಿ ಬೀಟಾ-2 ಔಷಧಕ್ಕೆ ಅಡ್ಡಗಾಲು ಹಾಕುತ್ತಿರುತ್ತದೆ. ಅದನ್ನು ತಡೆದರೆ ಜತೆಗಾರ ಔಷಧದ ದಾರಿ ಸುಗಮ.

ಅಸ್ತಮಾದಲ್ಲಿ ನಿಯಮ ಕಟ್ಟುನಿಟ್ಟು

ದೀರ್ಘಕಾಲದ ಆ್ಯಂಟಿಕೋಲಿನರ್ಜಿಕ್ ಅಸ್ತಮಾದಲ್ಲಿ ಸ್ಟಿರಾಯ್ಡ್ ಮತ್ತು ಬೀಟಾ-2 ಸೇರಿದ ಇನ್‌ಹೇಲರ್‌ನಿಂದಲೂ ಹತೋಟಿಗೆ ಬಾರದವರಿಗೆ ಮೇಲಿನಿಂದ ಸೇರಿಸುವ ಔಷಧ ಮಾತ್ರ. ಸ್ಟಿರಾಯ್ಡ್ ಇಲ್ಲದೆ ಇದನ್ನು ಒಂಟಿಯಾಗಿ ಕೊಡಬಾರದು. ನಾಳ ಸಡಿಲವಾಗಿ ಉಸಿರು ಹಗುರಾದರೂ ಕೆಳಗಿನ ಉರಿಯೂತ ಬೆಳೆಯುತ್ತಲೇ ಇರುತ್ತದೆ, ಮುಂದಿನ ಬಾರಿ ಇನ್ನೂ ಜೋರಾಗಿ ಬಡಿಯುತ್ತದೆ.

ತುರ್ತು ಚಿಕಿತ್ಸೆಯಲ್ಲಿ ಲೆಕ್ಕ ಬೇರೆ. ತೀವ್ರ ಅಸ್ತಮಾ ದಾಳಿಯಲ್ಲಿ ವಯಸ್ಕರಿಗೆ ಸಾಲ್ಬ್ಯುಟಮಾಲ್ 2.5ರಿಂದ 5 ಮಿಲಿಗ್ರಾಂ ಜತೆಗೆ ಇಪ್ರಾಟ್ರೋಪಿಯಂ 500 ಮೈಕ್ರೋಗ್ರಾಂ ಬೆರೆಸಿ, ಔಷಧವನ್ನು ಮಂಜಾಗಿಸುವ ಯಂತ್ರವಾದ ನೆಬ್ಯುಲೈಜರ್‌ನಲ್ಲಿ 20 ನಿಮಿಷಕ್ಕೊಮ್ಮೆಯಂತೆ ಮೊದಲ ಗಂಟೆಯಲ್ಲಿ ಮೂರು ಬಾರಿ ಕೊಡುವುದು ರೂಢಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ 250 ಮೈಕ್ರೋಗ್ರಾಂ. ಸಾಲ್ಬ್ಯುಟಮಾಲ್ ಒಂದನ್ನೇ ಕೊಡುವುದಕ್ಕಿಂತ ಹೀಗೆ ಕೊಟ್ಟಾಗ ದಾಖಲಾಗಬೇಕಾದವರ ಸಂಖ್ಯೆ ಇಳಿಯುತ್ತದೆ. ದಾಳಿ ಸೌಮ್ಯವಾಗಿದ್ದರೆ ಈ ಹೆಚ್ಚುವರಿ ಲಾಭ ಇಲ್ಲ. ಸಾಲ್ಬ್ಯುಟಮಾಲ್ ಮತ್ತು ಸ್ಟಿರಾಯ್ಡ್ ಕೊಡುವುದು ಇಪ್ರಾಟ್ರೋಪಿಯಂ ಬೆರೆಸಲೆಂದು ಒಂದು ಕ್ಷಣವೂ ತಡವಾಗಕೂಡದು. ಸಿಒಪಿಡಿ ಉಲ್ಬಣದಲ್ಲಿ ಇನ್ನೊಂದು ಎಚ್ಚರ ಬೇಕು: ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿರುವವರಿಗೆ ನೆಬ್ಯುಲೈಜರನ್ನು ಆಮ್ಲಜನಕದಿಂದಲ್ಲ, ಸಂಕುಚಿತ ಗಾಳಿಯಿಂದ ನಡೆಸಬೇಕು, ಆಮ್ಲಜನಕ ಬೇಕಿದ್ದರೆ ಮೂಗಿನ ನಳಿಕೆಯಲ್ಲಿ ಅಳತೆ ನೋಡಿ ಕೊಡಬೇಕು.

ಎಳೆದುಕೊಳ್ಳುವಾಗ ಆಗುವ ತಪ್ಪುಗಳು

ಔಷಧ ಸೋತಿತು ಎಂದು ಬದಲಿಸುವ ಮೊದಲು ಸಾಧನವನ್ನು ಎದುರಿಗೇ ಬಳಸಿಸಿ ನೋಡಬೇಕು. ಪುಡಿಯ ಕ್ಯಾಪ್ಸೂಲನ್ನು ಮಾತ್ರೆಯೆಂದು ನುಂಗುವುದು ಎಲ್ಲಕ್ಕಿಂತ ದೊಡ್ಡ ಎಡವಟ್ಟು, ಅದು ಅಪರೂಪವೂ ಅಲ್ಲ. ಮೊದಲೇ ಹೇಳಿದ ವಿದ್ಯುದಾವೇಶದ ಕಾರಣ ನುಂಗಿದ ಔಷಧ ಶ್ವಾಸಕೋಶಕ್ಕೆ ಏನೂ ಮಾಡುವುದಿಲ್ಲ. ಬಳಸುವ ಹೊತ್ತಿಗಷ್ಟೇ ಕ್ಯಾಪ್ಸೂಲನ್ನು ಹಾಳೆಯಿಂದ ತೆಗೆಯಬೇಕು. ಮೊದಲೇ ಬಿಡಿಸಿಟ್ಟರೆ ತೇವ ಹೀರಿ ಪುಡಿ ಗಂಟಾಗುತ್ತದೆ. ಚುಚ್ಚುವ ಗುಂಡಿಯನ್ನು ಒಮ್ಮೆ ಪೂರ್ತಿ ಒತ್ತಿ ಬಿಡಬೇಕು. ಪದೇ ಪದೇ ಒತ್ತಿದರೆ ಕ್ಯಾಪ್ಸೂಲ್ ಚೂರಾಗಿ ಬಾಯಿಗೆ ಬರಬಹುದು. ಉಸಿರನ್ನು ಸಾಧನದಿಂದ ದೂರ ಹೊರಬಿಟ್ಟು, ತುಟಿ ಬಿಗಿದು, ಕ್ಯಾಪ್ಸೂಲ್ ಗರಗರ ಸದ್ದು ಮಾಡುವಷ್ಟು ಆಳವಾಗಿ ಎಳೆದು, ಆದಷ್ಟು ಹೊತ್ತು ತಡೆಹಿಡಿಯಬೇಕು. ಸದ್ದು ಬರದಿದ್ದರೆ ಔಷಧ ಬರುತ್ತಿಲ್ಲ ಎಂದರ್ಥ. ಟಿಯೋಟ್ರೋಪಿಯಂ ಆದರೆ ಅದೇ ಕ್ಯಾಪ್ಸೂಲಿನಿಂದ ಎರಡನೇ ಸಲವೂ ಎಳೆಯಬೇಕು, ಪುಡಿ ಒಳಗೆ ಉಳಿದಿರುತ್ತದೆ.

ರೆಸ್ಪಿಮ್ಯಾಟ್‌ನಲ್ಲಿ ಬುಡವನ್ನು ಅರ್ಧ ಸುತ್ತು ತಿರುಗಿಸಿ, ಮುಚ್ಚಳ ತೆರೆದು, ನಿಧಾನವಾಗಿ ಎಳೆಯುತ್ತಲೇ ಗುಂಡಿ ಒತ್ತಬೇಕು. ಹೊಸದಕ್ಕೆ ಮಂಜು ಕಾಣುವವರೆಗೆ ಒತ್ತಿ, ಆಮೇಲೆ ಮತ್ತೆ ಮೂರು ಬಾರಿ ನೆಲದ ಕಡೆ ಹಾರಿಸಿ ಸಿದ್ಧಮಾಡಿಕೊಳ್ಳಬೇಕು. ಒತ್ತಡದ ಪಫ್ ಇನ್‌ಹೇಲರ್ ಆದರೆ ಸ್ಪೇಸರ್ (ಅದರ ಬಾಯಿಗೆ ಜೋಡಿಸುವ ಅಗಲ ಕೊಳವೆ) ಹಾಕಿಕೊಂಡರೆ ಕೈ ಮತ್ತು ಉಸಿರು ಹೊಂದಿಸುವ ಕಷ್ಟವೂ ಕಡಿಮೆ, ಔಷಧ ಕಣ್ಣಿಗೆ ಹಾರುವ ಭಯವೂ ಕಡಿಮೆ.

ಕಣ್ಣು, ಮೂತ್ರಕೋಶ, ಮೂತ್ರಪಿಂಡ

ಬಾಯಿ ಒಣಗುವುದು ಎಲ್ಲಕ್ಕಿಂತ ಸಾಮಾನ್ಯ; ಲಾಲಾಗ್ರಂಥಿಯಲ್ಲೂ ಎಂ3 ಇದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕಷ್ಟು ಜನರಿಗೆ ಆರಾಮ. ಮಲಬದ್ಧತೆ ಕೆಲವರಲ್ಲಿ ಕಾಣುತ್ತದೆ.

ಕಣ್ಣಿನ ವಿಷಯವನ್ನು ಹಗುರವಾಗಿ ನೋಡಬಾರದು. ನೆಬ್ಯುಲೈಜರ್ ಮಾಸ್ಕ್ ಸಡಿಲವಾಗಿದ್ದರೆ ಮಂಜು ಮೂಗಿನ ಬದಿಯಿಂದ ಕಣ್ಣಿಗೆ ಸೋರುತ್ತದೆ. ಪಾಪೆ ಹಿಗ್ಗುತ್ತದೆ. ಕಣ್ಣಿನೊಳಗಿನ ದ್ರವ ಹೊರಹೋಗುವ ಕೋನ ಕಿರಿದಾಗಿರುವವರಲ್ಲಿ ಇದು ಗ್ಲಾಕೋಮಾದ (ಕಣ್ಣಿನ ಒತ್ತಡ ಏರುವ ರೋಗ) ತೀವ್ರ ದಾಳಿಗೆ ಎಡೆಮಾಡಬಹುದು: ಕಣ್ಣು ನೋವು, ಕೆಂಪು, ದೀಪದ ಸುತ್ತ ಬಣ್ಣದ ಉಂಗುರ, ವಾಂತಿ. ಇದು ಗಂಟೆಗಳ ಲೆಕ್ಕದಲ್ಲಿ ನೋಡಿಸಬೇಕಾದ ತುರ್ತು. ಒಂದೇ ಕಣ್ಣಿಗೆ ಸೋರಿದರೆ ಒಂದೇ ಪಾಪೆ ದೊಡ್ಡದಾಗಿ, ಮಿದುಳಿನಲ್ಲಿ ರಕ್ತಸ್ರಾವವೇನೋ ಎಂದು ವೈದ್ಯರೂ ಗಾಬರಿಬೀಳುವುದುಂಟು. ಮಾಸ್ಕ್ ಬದಲು ಬಾಯಿಗೆ ಇಡುವ ಕೊಳವೆ ಬಳಸಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಪುಡಿ ಮುಟ್ಟಿದ ಬೆರಳಿನಿಂದ ಕಣ್ಣು ಉಜ್ಜಬಾರದು.

ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಲ್ಲಿ ಮೂತ್ರ ಕಟ್ಟುವ ಅಪಾಯವಿದೆ. ಹಾಗೆಂದು ಔಷಧ ಕೊಡಲೇಬಾರದು ಎಂದಲ್ಲ. ಧಾರೆ ಸಣ್ಣದಾಯಿತೇ, ರಾತ್ರಿ ಏಳುವುದು ಹೆಚ್ಚಾಯಿತೇ ಎಂದು ಮೊದಲ ವಾರಗಳಲ್ಲೇ ಕೇಳಬೇಕು. ಟಿಯೋಟ್ರೋಪಿಯಂ ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡದ ಸೋಸುವಿಕೆ ನಿಮಿಷಕ್ಕೆ 60 ಮಿಲಿಲೀಟರ್‌ಗಿಂತ ಕಡಿಮೆ ಇರುವವರಲ್ಲಿ ಅಡ್ಡಪರಿಣಾಮಗಳ ಮೇಲೆ ಹೆಚ್ಚಿನ ನಿಗಾ ಬೇಕು.

ಔಷಧದ ಚೀಟಿಯಲ್ಲಿ ಎರಡು ಬಾರಿ ಒಂದೇ ವರ್ಗ ನುಸುಳುವುದು ತೀರ ಸಾಮಾನ್ಯವಾದ, ಸುಲಭವಾಗಿ ತಪ್ಪಿಸಬಹುದಾದ ತೊಂದರೆ. ತ್ರಿವಳಿ ಇನ್‌ಹೇಲರ್ ಬಳಸುತ್ತಿರುವವರಿಗೆ ಟಿಯೋಟ್ರೋಪಿಯಂ ಬೇರೆಯಾಗಿ ಮುಂದುವರಿಯುವುದು, ಅದರ ಮೇಲೆ ಮನೆಯ ನೆಬ್ಯುಲೈಜರ್‌ನಲ್ಲಿ ದಿನವಿಡೀ ಇಪ್ರಾಟ್ರೋಪಿಯಂ. ರಿಸೆಪ್ಟರ್ ಆಗಲೇ ಭರ್ತಿಯಾಗಿರುವಾಗ ಹೆಚ್ಚುವರಿ ಔಷಧದಿಂದ ಉಸಿರಿಗೆ ಸಿಗುವುದು ಅತ್ಯಲ್ಪ, ಮೂತ್ರಕೋಶಕ್ಕೆ ತಗಲುವ ಹೊರೆ ಮಾತ್ರ ಖಚಿತ. ಖಿನ್ನತೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ಹಿಡಿಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆ ತರಿಸುವ ಹಳೆಯ ಅಲರ್ಜಿ ಮಾತ್ರೆಗಳೂ ಆ್ಯಂಟಿಕೋಲಿನರ್ಜಿಕ್ ಗುಣದವೇ. ವಯಸ್ಸಾದವರಲ್ಲಿ ಎಲ್ಲವನ್ನೂ ಒಟ್ಟಿಗಿಟ್ಟು ನೋಡಬೇಕು.

ಸ್ಪೈರೋಮೆಟ್ರಿಗೆ ಹೋಗುವ ದಿನದ ಬಗ್ಗೆಯೂ ಸ್ಪಷ್ಟತೆ ಬೇಕು. ರೋಗವನ್ನು ಪತ್ತೆಹಚ್ಚಲು, ಅಂದರೆ ಔಷಧಕ್ಕೆ ನಾಳ ಎಷ್ಟು ತೆರೆದುಕೊಳ್ಳುತ್ತದೆ ಎಂದು ತಿಳಿಯಲು ಪರೀಕ್ಷೆ ಮಾಡುವುದಾದರೆ, ಇಪ್ರಾಟ್ರೋಪಿಯಂ ತೆಗೆದುಕೊಂಡು 12 ಗಂಟೆ, ಟಿಯೋಟ್ರೋಪಿಯಂನಂಥ ದೀರ್ಘಕಾಲದ ಔಷಧವಾದರೆ 36ರಿಂದ 48 ಗಂಟೆ ಕಳೆದಿರಬೇಕು. ಇಲ್ಲವಾದರೆ ಎಂ3 ಮೇಲೆ ಇನ್ನೂ ಕೂತಿರುವ ಹಿಂದಿನ ದಿನದ ಔಷಧ ‘ಮುಂಚೆ’ ಮತ್ತು ‘ನಂತರ’ದ ಅಂತರವನ್ನು ಮುಚ್ಚಿಹಾಕುತ್ತದೆ. ಈಗಾಗಲೇ ನಡೆಯುತ್ತಿರುವ ಚಿಕಿತ್ಸೆಯ ಫಲ ಅಳೆಯುವ ಪರೀಕ್ಷೆಯಾದರೆ ಯಾವುದನ್ನೂ ನಿಲ್ಲಿಸಬೇಕಿಲ್ಲ. ಕೊನೆಯ ಡೋಸ್ ಎಷ್ಟು ಗಂಟೆಗೆ ತೆಗೆದುಕೊಂಡಿರಿ ಎಂಬುದನ್ನು ವರದಿಯ ಮೇಲೆ ಬರೆಸಿ. ಏದುಸಿರು ತೀವ್ರವಾಗಿರುವವರು ಪರೀಕ್ಷೆಗೆಂದು ತಾವಾಗಿಯೇ ಔಷಧ ನಿಲ್ಲಿಸದೆ, ಮೊದಲು ಪರೀಕ್ಷೆ ಬರೆದುಕೊಟ್ಟ ವೈದ್ಯರನ್ನು ಕೇಳಬೇಕು.